ಒಂದು ಜೆರಾಕ್ಸ್ ಕೊಟ್ಟು ಹೋಗಿ ಸಾರ್

ಆಧಾರ್ ನಂಬರನ್ನು ಗುಟ್ಟಾಗಿ ಇಟ್ಟುಕೊಳ್ಳಬೇಕು ಅಂತ ಎಲ್ಲರೂ ಹೇಳುತ್ತಾರೆ. ಹಾಗಾಗಿ ನಾವು ಅದನ್ನು ಲಾಡ್ಜಿನವರಿಗೆ, ಮನೆ ಬ್ರೋಕರ್‌ಗೆ, ಜಿಮ್ಮಿನವರಿಗೆ, ಛತ್ರದ ಮ್ಯಾನೇಜರ್‌ಗೆ ಬಿಟ್ಟು ಬೇರೆ ಯಾರಿಗೂ ಕೊಡುವುದಿಲ್ಲ. ಅವರೂ ಜೋಪಾನವಾಗಿಯೇ ಇಡುತ್ತಾರೆ, ಮೇಜಿನ ಕೆಳಗಿನ ರಟ್ಟಿನ ಡಬ್ಬದಲ್ಲಿ. ಡಬ್ಬ ತುಂಬಿದರೆ ಗುಜರಿಗೆ. ಆಮೇಲೆ ಯಾರದ್ದೋ ವಿಳಾಸದೊಳಗೆ ಬಿಸಿ ಕಡ್ಲೆಕಾಯಿ.

ಜೆರಾಕ್ಸ್ ಅಂಗಡಿ ಇನ್ನೂ ಮುಂದೆ ಹೋಗಿದೆ. “ವಾಟ್ಸಾಪ್ ಮಾಡಿ ಸಾರ್, ಪ್ರಿಂಟ್ ಕೊಡ್ತೀನಿ.” ಇಡೀ ಬಡಾವಣೆಯ ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಮೊದಲ ಪುಟ ಎಲ್ಲವೂ ಆ ಹುಡುಗನ ಕಂಪ್ಯೂಟರಿನಲ್ಲಿ ಇವೆ. ಜನಗಣತಿಯವರು ಸುಮ್ನೆ ಮನೆ ಮನೆ ಅಲೆಯುತ್ತಾರೆ.

ಇದರ ಬಗ್ಗೆ ಸರ್ಕಾರ ಎಚ್ಚರಿಸಿಲ್ಲ ಅನ್ನಬೇಡಿ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ ಎಚ್ಚರಿಸಿತು. ಸಿಕ್ಕ ಸಿಕ್ಕವರಿಗೆ ಜೆರಾಕ್ಸ್ ಕೊಡಬೇಡಿ, ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ, ಪ್ರಾಧಿಕಾರದ ಲೈಸೆನ್ಸ್ ಇಲ್ಲದ ಹೋಟೆಲಿನವರು ಪ್ರತಿ ಇಟ್ಟುಕೊಳ್ಳುವಂತಿಲ್ಲ ಅಂತ. ಎಂಥ ಒಳ್ಳೆಯ ಮಾತು! ಎರಡೇ ದಿನಕ್ಕೆ ಹಿಂದಕ್ಕೆ ಪಡೆದರು. ಜನ ತಪ್ಪು ತಿಳಿಯಬಹುದಂತೆ. ಜನ ಸರಿಯಾಗಿಯೇ ತಿಳಿದುಬಿಟ್ಟರೆ ಅನ್ನುವುದೇ ಭಯ ಇತ್ತೇನೋ. ಬದಲಿಗೆ “ಸಾಮಾನ್ಯ ಎಚ್ಚರಿಕೆ” ಸಾಕು ಅಂದರು. ಈಗ ಮಾಸ್ಕ್ಡ್ ಆಧಾರ್ ಹಿಡಿದು ಯಾವುದಾದರೂ ಕೌಂಟರಿಗೆ ಹೋಗಿ ನೋಡಿ. “ಇದು ನಡೆಯಲ್ಲ ಸಾರ್, ನಂಬರ್ ಪೂರ್ತಿ ಕಾಣ್ಬೇಕು.”

2018ರಲ್ಲಿ ಸುಪ್ರೀಂ ಕೋರ್ಟಿಗೆ ಒಂದು ಭರವಸೆ ಸಿಕ್ಕಿತ್ತು. ಆಧಾರ್ ಮಾಹಿತಿ 13 ಅಡಿ ಎತ್ತರ, 5 ಅಡಿ ದಪ್ಪದ ಗೋಡೆಯ ಹಿಂದೆ ಭದ್ರವಾಗಿದೆ ಅಂತ ಅಟಾರ್ನಿ ಜನರಲ್ ಹೇಳಿದರು. ಅದೇ ವರ್ಷ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ ಆಗಿನ ಅಧ್ಯಕ್ಷ ಆರ್. ಎಸ್. ಶರ್ಮಾ ತಮ್ಮ ನಂಬರನ್ನು ಟ್ವಿಟರ್‌ನಲ್ಲಿ ಹಾಕಿ, ಏನು ಮಾಡ್ತೀರೋ ಮಾಡಿ ಅಂತ ಸವಾಲು ಎಸೆದರು. ಜನ ಅವರ ಫೋನ್ ನಂಬರ್, ಪ್ಯಾನ್, ವಿಳಾಸ ಎಲ್ಲ ಹುಡುಕಿ ಹಾಕಿದರು. ಖಾತೆಗೆ 1 ರೂಪಾಯಿ ಜಮಾ ಕೂಡ ಮಾಡಿದರು. ನನಗೇನೂ ತೊಂದರೆ ಆಗಿಲ್ಲ ಅಂದರು ಶರ್ಮಾ. ಅದಾದ ಮೇಲೆ ಪ್ರಾಧಿಕಾರ ನಮಗೆಲ್ಲ ಬುದ್ಧಿ ಹೇಳಿತು: ನಂಬರನ್ನು ಹೀಗೆ ಬಹಿರಂಗ ಮಾಡಬೇಡಿ!

ನಗು ಮಾಯವಾಗುವುದು ಹೆಬ್ಬೆಟ್ಟಿನ ವಿಷಯಕ್ಕೆ ಬಂದಾಗ. ಸೈಟು ಕೊಂಡವರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಲೇಬೇಕು. ಆ ನೋಂದಣಿ ಪತ್ರಗಳನ್ನು ನಮ್ಮ ಅನುಕೂಲಕ್ಕೆಂದು ಆನ್‌ಲೈನ್‌ನಲ್ಲಿ ಇಟ್ಟರು. ಅನುಕೂಲ ಎಲ್ಲರಿಗೂ ಆಯಿತು. ಕಳ್ಳರು ಪತ್ರದಿಂದ ಆಧಾರ್ ನಂಬರ್ ಬರೆದುಕೊಂಡರು, ಬೆರಳಚ್ಚಿನಿಂದ ನಕಲಿ ಹೆಬ್ಬೆಟ್ಟು ಮಾಡಿಕೊಂಡರು. ಆಧಾರ್ ಆಧಾರಿತ ಪಾವತಿಗೆ ಬ್ಯಾಂಕಿನ ಹೆಸರು, ನಂಬರ್, ಬೆರಳು ಇದ್ದರೆ ಆಯಿತು. ಓಟಿಪಿ ಬೇಡ, ಕಾರ್ಡ್ ಬೇಡ, ಪಿನ್ ಬೇಡ. 2023ರಲ್ಲಿ ಬೆಂಗಳೂರಿನಲ್ಲಿ ಹೀಗೆ ದುಡ್ಡು ಕಳಕೊಂಡವರ ದೂರುಗಳು ಬಂದವು. ಆಮೇಲೆ ಪತ್ರಗಳಲ್ಲಿನ ಬೆರಳಚ್ಚು ಕಾಣದಂತೆ ಮಾಡಿದರು. ಅಷ್ಟರೊಳಗೆ ಇಳಿಸಿಕೊಂಡವರಿಗೆ ಏನು ಮಾಡುತ್ತಾರೆ? ಪಾಸ್‌ವರ್ಡ್ ಕಳುವಾದರೆ ಬೇರೆಯದು ಇಟ್ಟುಕೊಳ್ಳಬಹುದು. ಬೆರಳಿಗೆ ಹಾಗೆಲ್ಲ ಅವಕಾಶ ಇಲ್ಲವಲ್ಲ. ಜಾಸ್ತಿ ಅಂದರೆ ಹತ್ತು ಸಲ.

ಇದಕ್ಕೆ ಬೀಗ ಇದೆ, ನಿಜ. ಆಧಾರ್ ಪ್ರಾಧಿಕಾರದ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಟ್ಟರೆ ನಿಮ್ಮ ಬೆರಳು ಎಲ್ಲೂ ನಡೆಯುವುದಿಲ್ಲ, ಕಳ್ಳರ ನಕಲಿಯೂ ನಡೆಯುವುದಿಲ್ಲ. ಇವತ್ತೇ ಮಾಡಿ. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆದರೆ ಈ ಬೀಗದ ಸುದ್ದಿ ಬ್ಯಾಂಕಿನ ಗೋಡೆ ಮೇಲೆ ಎಷ್ಟು ಕಡೆ ನೋಡಿದ್ದೀರಿ? “ಕೆವೈಸಿ ಬಾಕಿ ಇದೆ, ಆಧಾರ್ ಜೆರಾಕ್ಸ್ ತನ್ನಿ” ಅನ್ನುವ ಬೋರ್ಡು ಮಾತ್ರ ಇದ್ದೇ ಇರುತ್ತದೆ, ಅಲ್ವಾ?

ಇನ್ನು ನ್ಯಾಯಬೆಲೆ ಅಂಗಡಿಗೆ ಹೋಗಿ ನೋಡಿ. ಜೀವಮಾನವೆಲ್ಲ ಕಳೆ ಕಿತ್ತು, ಮುಸುರೆ ತಿಕ್ಕಿ ಬೆರಳ ಗೆರೆ ಸವೆದ ಅಜ್ಜಿ ನಿಂತಿರುತ್ತಾರೆ. ಅವರದೇ ಹೆಬ್ಬೆಟ್ಟು, ಅವರದೇ ಅಕ್ಕಿ. ಯಂತ್ರ ಮಾತ್ರ ಒಪ್ಪುವುದಿಲ್ಲ. ಒರೆಸಿ ಒತ್ತುತ್ತಾರೆ, ಎಣ್ಣೆ ಸವರಿ ಒತ್ತುತ್ತಾರೆ, ಇನ್ನೊಂದು ಬೆರಳು ಇಡುತ್ತಾರೆ. ಕಳ್ಳರ ನಕಲಿ ಬೆರಳಿಗೆ ನೋಟು ಎಣಿಸಿಕೊಟ್ಟ ವ್ಯವಸ್ಥೆಗೆ ಈ ಬೆರಳಿನ ಮೇಲೆ ಭಾರೀ ಅನುಮಾನ. “ನಾಳೆ ಬಾ ಅಜ್ಜಿ, ಮ್ಯಾಚ್ ಆಗ್ತಿಲ್ಲ” ಅನ್ನುತ್ತಾರೆ ಅಂಗಡಿಯವರು. “ಬರೋವಾಗ ಆಧಾರ್ ಜೆರಾಕ್ಸ್ ಒಂದು ತಗೊಂಡು ಬಾ.”