ಬನ್ನಿ, ಎಲ್ಲರಿಗೂ ವಿದ್ಯಾರ್ಥಿವೇತನವಿದೆ

ಹಣಕಾಸು ಯೋಜಕರಾಗಲು ಹೊರಟ ನಾಡಿನ ಯುವಜನರಿಗೆ ಶುಕ್ರದೆಸೆ ಶುರುವಾಗಿದೆ. ಸಿಎಫ್‌ಪಿ, ಅಂದರೆ ಸರ್ಟಿಫೈಡ್ ಫೈನಾನ್ಶಿಯಲ್ ಪ್ಲಾನರ್ ತರಬೇತಿಗೆ ‘ಶೇ 100ರವರೆಗೆ ವಿದ್ಯಾರ್ಥಿವೇತನ’ ಎಂಬ ಜಾಹೀರಾತನ್ನು ನೀವೂ ನೋಡಿಯೇ ಇರುತ್ತೀರಿ. ಪತ್ರಿಕೆ ಬಿಡಿಸಿದರೆ ಕರಪತ್ರವಾಗಿ ಜಾರಿ ಕಾಫಿ ಲೋಟದ ಪಕ್ಕ ಬೀಳುತ್ತದೆ, ಮೊಬೈಲ್ ತೆರೆದರೆ ಸುದ್ದಿಗಿಂತ ಮೊದಲು ಬಂದು ನಿಲ್ಲುತ್ತದೆ. ಆ ನೂರರ ತಲೆಯ ಮೇಲೊಂದು ಪುಟ್ಟ ನಕ್ಷತ್ರವಿರುತ್ತದೆ. ನಕ್ಷತ್ರದ ಜಾತಕ ಕರಪತ್ರದ ತಳದಲ್ಲಿ, ಭೂತಗನ್ನಡಿಗೂ ದಕ್ಕದ ಅಕ್ಷರಗಳಲ್ಲಿ. ಕೋಚಿಂಗ್ ಕೇಂದ್ರಗಳ ದಾರಿತಪ್ಪಿಸುವ ಜಾಹೀರಾತು ತಡೆಯಲು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿತ್ತು. ಷರತ್ತುಗಳನ್ನೂ ಉಳಿದ ಮುಖ್ಯ ವಿವರಗಳಷ್ಟೇ ದೊಡ್ಡದಾಗಿ ಅಚ್ಚು ಹಾಕಬೇಕು ಎಂದು ಅದರಲ್ಲಿದೆ. ಹಾಗೆ ಹಾಕಿದರೆ ಕರಪತ್ರ ಪಂಚೆಯಷ್ಟಾಗುತ್ತದೆ. ಮರಗಳ ಮೇಲಿನ ಕನಿಕರದಿಂದ ಇವರು ಹಾಕುತ್ತಿಲ್ಲ, ಅಷ್ಟೆ.

ನಮ್ಮ ಪಕ್ಕದ ಮನೆಯ ಹುಡುಗ, ಬಿ.ಕಾಂ. ಮುಗಿಸಿದವನು, ಈ ವಿದ್ಯಾರ್ಥಿವೇತನದ ಅರ್ಹತಾ ಪರೀಕ್ಷೆಯನ್ನು ಮೊಬೈಲಿನಲ್ಲೇ ಬರೆದ. ಚಕ್ರಬಡ್ಡಿಯ ಮೇಲೊಂದು ಪ್ರಶ್ನೆ, ಹಣದುಬ್ಬರದ ಮೇಲೊಂದು, ಉಳಿದವು ಅವನ ಅಪ್ಪನ ಕೆಲಸ, ಮನೆಯ ವಿಳಾಸ, ಯಾವಾಗ ಕರೆ ಮಾಡಬಹುದು ಎಂಬಂಥವು. ಅರ್ಧ ಬರೆಯುವಷ್ಟರಲ್ಲಿ ಕರೆಂಟು ಹೋಗಿ ವೈಫೈ ಸತ್ತಿತು. ಹತ್ತು ನಿಮಿಷದಲ್ಲಿ ಕರೆ ಬಂತು: ಅಭಿನಂದನೆಗಳು, ನಿಮಗೆ ಶೇ 60 ವಿದ್ಯಾರ್ಥಿವೇತನ ಬಂದಿದೆ, ನಿಮ್ಮಂಥ ಪ್ರತಿಭಾವಂತರು ಅಪರೂಪ. ಅವನ ಜೊತೆ ಓದಿದ ನಾಲ್ವರಿಗೂ ಶೇ 60. ಇನ್ನೊಬ್ಬಳಿಗೆ ಮಾತ್ರ 65 ಬಂತು, ಏಕೆಂದರೆ ಅವಳು ಸೇರುವುದಿಲ್ಲ ಎಂದಿದ್ದಳು.

ಶುಲ್ಕದ ಚೀಟಿಯನ್ನು ಹುಡುಗ ತಂದು ತೋರಿಸಿದ. ಮೇಲಿನ ಸಾಲಿನಲ್ಲಿ ಮೂಲ ಶುಲ್ಕವನ್ನು ಅಚ್ಚು ಹಾಕಿ ಕೆಂಪು ಗೆರೆಯಿಂದ ಹೊಡೆದಿದ್ದರು. ಗಮನಿಸಿ, ಗೆರೆಯೂ ಅಚ್ಚಿನದ್ದೇ. ಅಂದರೆ ಚೀಟಿ ಹುಟ್ಟುವಾಗಲೇ ಆ ಶುಲ್ಕ ಸತ್ತಿತ್ತು. ಕೆಳಗೆ ರಿಯಾಯಿತಿ, ಅದರ ಕೆಳಗೆ ಶೇ 18 ಜಿಎಸ್‌ಟಿ, ನೋಂದಣಿ, ಪುಸ್ತಕ. ಪರೀಕ್ಷೆ ನಡೆಸುವ ಸಂಸ್ಥೆಗೆ ಕಟ್ಟಬೇಕಾದ ಶುಲ್ಕ ಬೇರೆ, ಅದಕ್ಕೆ ವಿದ್ಯಾರ್ಥಿವೇತನ ಅನ್ವಯಿಸದು. ಬಲಮೂಲೆಯಲ್ಲಿ ‘ಮೆರಿಟ್’ ಎಂಬ ನೀಲಿ ಮೊಹರು. ಆ ಹೊಡೆದುಹಾಕಿದ ಮೂಲ ಶುಲ್ಕವನ್ನು ಪೂರ್ತಿ ಕಟ್ಟಿ ಓದಿದ ಒಬ್ಬನೇ ಒಬ್ಬ ಮಹನೀಯನನ್ನು ಯಾರಾದರೂ ತೋರಿಸಿದರೆ ಮೈಸೂರು ಪೇಟ ತೊಡಿಸಿ ಸನ್ಮಾನಿಸಲು ನಾನು ಸಿದ್ಧ.

ಉಳಿದದ್ದನ್ನು ಕಟ್ಟುವುದು ಹೇಗೆ? ಅದಕ್ಕೂ ದಾರಿಯಿದೆ, ಬಡ್ಡಿಯೇ ಇಲ್ಲದ ಮಾಸಿಕ ಕಂತು! ಶೂನ್ಯ ಬಡ್ಡಿ ಎಂಬುದು ಇಲ್ಲವೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ತಿಳಿಹೇಳಿತ್ತು. ಬಡ್ಡಿಯನ್ನು ಸಂಸ್ಕರಣಾ ಶುಲ್ಕದಲ್ಲೋ ವಸ್ತುವಿನ ಬೆಲೆಯಲ್ಲೋ ಬಚ್ಚಿಡುವ ಆಟವದು. ಹಣ ನಿಭಾಯಿಸುವುದು ಹೇಗೆಂದು ಊರಿಗೆಲ್ಲ ಹೇಳಿಕೊಡಬೇಕಾದವನು, ಆ ವಿದ್ಯೆ ಕಲಿಯಲು ಕೂರುವ ಮೊದಲೇ ಇಲ್ಲದ ಬೆಲೆಗೆ ಸಿಕ್ಕ ಇಲ್ಲದ ರಿಯಾಯಿತಿಯನ್ನು ಇಲ್ಲದ ಬಡ್ಡಿಯ ಸಾಲದಲ್ಲಿ ಕೊಳ್ಳುತ್ತಾನೆ. ಮೊದಲ ಪಾಠ ಕೌಂಟರಿನಲ್ಲೇ ಮುಗಿಯಿತು. ಗುರುಗಳ ದಕ್ಷತೆಗೆ ನಮಸ್ಕಾರ.

ನಮ್ಮ ರಾಜ್ಯ ಸರ್ಕಾರಕ್ಕೆ ಇವರಿಂದ ಕಲಿಯುವುದು ಬಹಳವಿದೆ. ಅಲ್ಲಿ ವಿದ್ಯಾರ್ಥಿವೇತನ ನಿಜವಾದದ್ದು, ಆದ್ದರಿಂದಲೇ ಸಿಗುವುದು ಕಷ್ಟ. ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ತುಂಬಿದವರ ಮನೆಯಲ್ಲಿ ಕೇಳಿ ನೋಡಿ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಗೆ ನಾಡಕಚೇರಿಯ ಬಾಗಿಲು ಕಾಯಬೇಕು. ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್.’, ಆಧಾರ್‌ನಲ್ಲಿ ‘ಹೆಚ್. ಮಂಜುನಾಥ್’ ಇದ್ದರೆ ಇಬ್ಬರು ಮಂಜುನಾಥರೂ ಒಬ್ಬನೇ ಎಂದು ಕಂಪ್ಯೂಟರಿಗೆ ನಂಬಿಸಬೇಕು. ಕಾಲೇಜಿನಲ್ಲಿ ಇ-ದೃಢೀಕರಣದ ಅಧಿಕಾರಿ ರಜೆಯಲ್ಲಿರಬಾರದು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದ್ದರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ ಎಂಬ ಇನ್ನೊಂದು ಸಂಸ್ಕಾರವೂ ಆಗಿರಬೇಕು. ಅದೇನೆಂದು ಬ್ಯಾಂಕಿನವರನ್ನು ಕೇಳಿದರೆ ಕಾಲೇಜಿನ ಕಡೆ ಕೈ ತೋರಿಸುತ್ತಾರೆ, ಕಾಲೇಜಿನವರು ಬ್ಯಾಂಕಿನ ಕಡೆ. ಇಷ್ಟೆಲ್ಲ ಎಷ್ಟಕ್ಕೆ? ಹಾಸ್ಟೆಲ್ ಸಿಗದ ಮಕ್ಕಳ ಊಟ, ವಸತಿಗೆಂದು ವಿದ್ಯಾಸಿರಿ ಯೋಜನೆಯಲ್ಲಿ ಮೊದಲಿಗೆ ನಿಗದಿಯಾದದ್ದು ತಿಂಗಳಿಗೆ 1,500 ರೂಪಾಯಿ, ಅದೂ ಹತ್ತು ತಿಂಗಳು. 2021ರಲ್ಲಿ ಬಂದ ರೈತ ವಿದ್ಯಾನಿಧಿಯಲ್ಲಿ ಶುರುವಿನಲ್ಲಿ ಓದಿಗೆ ತಕ್ಕಂತೆ ವರ್ಷಕ್ಕೆ 2,500ರಿಂದ 11,000 ಇತ್ತು. ಒಂದು ತಿಂಗಳ ಊಟಕ್ಕೆ 1,500 ರೂಪಾಯಿ ಎಂದು ಲೆಕ್ಕ ಹಾಕಿದ ಅಧಿಕಾರಿಯೇ ಈ ದೇಶದ ನಿಜವಾದ ಹಣಕಾಸು ಯೋಜಕ. ಆತನಿಗೆ ಪರೀಕ್ಷೆಯಿಲ್ಲದೆ ಪ್ರಮಾಣಪತ್ರ ಕೊಡಬೇಕು.

ಅಂತೂ ಬಡವನೆಂದು ಸಾಬೀತು ಮಾಡಲು ಒಂದು ಕಟ್ಟು ಕಾಗದ ಬೇಕು. ಪ್ರತಿಭಾವಂತನೆಂದು ಸಾಬೀತು ಮಾಡಲು ಮೊಬೈಲ್ ಸಂಖ್ಯೆ ಸಾಕು.

ಸಿಎಫ್‌ಪಿಯನ್ನು ನಾನು ಹಳಿಯುತ್ತಿಲ್ಲ. ಅಮೆರಿಕದಲ್ಲಿ ಹುಟ್ಟಿದ ಈ ಪ್ರಮಾಣಪತ್ರ ಗಟ್ಟಿಯಾದದ್ದೇ. ಹೂಡಿಕೆ ಒಂದು ಭಾಗ, ನಿವೃತ್ತಿ ಮತ್ತು ತೆರಿಗೆ ಒಂದು, ವಿಮೆ ಮತ್ತು ಉಯಿಲು ಇನ್ನೊಂದು, ಕೊನೆಗೆ ಎಲ್ಲವನ್ನೂ ಸೇರಿಸಿ ಒಂದು ಕುಟುಂಬದ ಪೂರ್ಣ ಯೋಜನೆ. ಪರೀಕ್ಷೆಯ ಮೇಲೆ ಅನುಭವವೂ ಬೇಕು, ಅನುಭವಿಯೊಬ್ಬರ ಕೈಕೆಳಗಾದರೆ ಒಂದು ವರ್ಷ, ಇಲ್ಲವಾದರೆ ಮೂರು. ನೀತಿಸಂಹಿತೆಗೆ ಸಹಿ ಹಾಕಬೇಕು, ವರ್ಷ ವರ್ಷ ನವೀಕರಿಸಬೇಕು. ಇಷ್ಟಾದರೂ ಶುಲ್ಕ ಪಡೆದು ಹೂಡಿಕೆಯ ಸಲಹೆ ಕೊಡಬೇಕೆಂದರೆ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯಲ್ಲಿ ನೋಂದಣಿ ಆಗಬೇಕು. 2024ರ ಡಿಸೆಂಬರ್‌ನಲ್ಲಿ ಸೆಬಿ ಕನಿಕರಿಸಿ ಸ್ನಾತಕೋತ್ತರ ಪದವಿ ಬೇಡ, ಹಿಂದಿನ ಅನುಭವ ಬೇಡ, 150 ಗ್ರಾಹಕರವರೆಗೆ ಒಂದು ಲಕ್ಷ ಠೇವಣಿ ಇಟ್ಟರೆ ಸಾಕು ಎಂದಿತು. ಕುಟುಂಬವೊಂದರಿಂದ ವರ್ಷಕ್ಕೆ 1.51 ಲಕ್ಷಕ್ಕಿಂತ ಹೆಚ್ಚು ಸ್ಥಿರ ಶುಲ್ಕ ಪಡೆಯಬಾರದೆಂಬ ಮಿತಿಯೂ ಇದೆ. ಮಿತಿ ಹಾಕಿದವರಿಗೆ ನಮ್ಮ ಜನರ ಪರಿಚಯ ಇದ್ದಂತಿಲ್ಲ. ಗ್ರಹಗತಿ ಹೇಳಿದವರಿಗೆ ಐನೂರು ಕೊಟ್ಟು ಕಾಲಿಗೆ ಬೀಳುವ ನಾವು, ಹಣದ ಗತಿ ಹೇಳಿದವನಿಗೆ ಕಾಫಿ ಕುಡಿಸಿ ಕಳಿಸುತ್ತೇವೆ.

ಹೀಗಾಗಿ ದೇಶದಲ್ಲಿ ಷೇರು ಇಟ್ಟುಕೊಳ್ಳುವ ಡಿಮ್ಯಾಟ್ ಖಾತೆಗಳು 2024ರಲ್ಲೇ 17 ಕೋಟಿ ದಾಟಿದ್ದರೆ, ಸೆಬಿಯಲ್ಲಿ ನೋಂದಾಯಿತರಾದ ಸಲಹೆಗಾರರು ಸುಮಾರು ಒಂದು ಸಾವಿರ. ಉಳಿದ ಸಲಹೆ ಎಲ್ಲಿಂದ ಬರುತ್ತದೆ? 25 ಗಂಟೆ ತರಬೇತಿ ಪಡೆದ ವಿಮಾ ಏಜೆಂಟ್ ಭಾವಮೈದನಿಂದ. ತಿಂಗಳ ಗುರಿ ಮುಟ್ಟದೆ ಬೆವರುವ ಬ್ಯಾಂಕಿನ ಯುವಕನಿಂದ. ಯೂಟ್ಯೂಬ್ ಗುರುಗಳಿಂದ. ಈ ಗುರುಗಳು ಪಾಠ ಮಾಡುವಾಗ ಈಚಿನ ಮೂರು ತಿಂಗಳ ಷೇರು ಬೆಲೆ ಬಳಸಬಾರದೆಂದು ಸೆಬಿ 2025ರ ಜನವರಿಯಲ್ಲಿ ಹೇಳಬೇಕಾಯಿತು. ಷೇರಿನ ನಾಳಿನ ಬೆಲೆಯ ಮೇಲೆ ಪಣ ಕಟ್ಟುವ ಫ್ಯೂಚರ್ಸ್, ಆಪ್ಷನ್ಸ್‌ನಲ್ಲಿ ಮೂರು ವರ್ಷ ಆಡಿದ ಸಾಮಾನ್ಯರಲ್ಲಿ ಶೇ 93ರಷ್ಟು ಮಂದಿ ನಷ್ಟ ಮಾಡಿಕೊಂಡರೆಂದು ಅದೇ ಸೆಬಿಯ ಅಧ್ಯಯನ ಹೇಳಿತ್ತು. ಉಳಿದ ಏಳು ಮಂದಿ ಕೋರ್ಸ್ ಶುರು ಮಾಡಿರಬೇಕು.

ಇಲ್ಲಿಂದ ಮುಂದೆ ನನಗೆ ನಗು ಬರುವುದಿಲ್ಲ. ಬೆಂಗಳೂರಿನವರಿಗೆ 2019ರ ಜೂನ್ ನೆನಪಿದೆ, ಜನರಿಂದ ಹಣ ಸಂಗ್ರಹಿಸಿದ್ದ ಐಎಂಎ ಕಂಪನಿ ಬಾಗಿಲು ಹಾಕಿದಾಗ ದೂರು ಕೊಡಲು ನಿಂತ ಹೆಂಗಸರ ಸಾಲು ನೆನಪಿದೆ. ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನಲ್ಲಿ ಜೀವಮಾನದ ಉಳಿತಾಯ ಇಟ್ಟಿದ್ದ ಹಿರಿಯರಿಗೆ 2020ರ ಜನವರಿಯಲ್ಲಿ ‘35,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ’ ಎಂಬ ಸುದ್ದಿ ಬಂದದ್ದೂ ನೆನಪಿದೆ. ಔಷಧಿಗೆಂದು ಇಟ್ಟ ಹಣ ಅದು. ಅವರಿಗೆ ‘ಎಲ್ಲವನ್ನೂ ಒಂದೇ ಕಡೆ ಇಡಬೇಡಿ’ ಎಂಬ ಒಂದು ಮಾತು ಹೇಳುವವರು ಬೇಕಾಗಿತ್ತು, ಕಮಿಷನ್ನಿನ ಹಂಗಿಲ್ಲದ ಒಬ್ಬರು. ಅಂಥವರನ್ನು ತಯಾರು ಮಾಡುವ ಜಾಗದಲ್ಲೇ ಹುಡುಗರ ತಲೆಯ ಮೇಲೆ ಸಾಲ ಹೊರಿಸಿ ಕಳಿಸುತ್ತಿದ್ದೇವೆ. ಸಾಲ ಹೊತ್ತವನು ಪ್ರಾಮಾಣಿಕ ಸಲಹೆ ಕೊಟ್ಟು ಗ್ರಾಹಕರಿಗಾಗಿ ಕಾಯುತ್ತಾ ಕೂರಲಾರ. ಮುಂದಿನ ತಿಂಗಳ ಐದನೇ ತಾರೀಖಿಗೆ ಕಂತು ಬರುತ್ತದೆ. ಅವನು ಮಾರುತ್ತಾನೆ, ಏನು ಸಿಕ್ಕರೆ ಅದನ್ನು, ಯಾರು ಸಿಕ್ಕರೆ ಅವರಿಗೆ. ಆ ಶೇ 60 ವಿದ್ಯಾರ್ಥಿವೇತನವನ್ನು ಕೊನೆಗೆ ಬಡ್ಡಿ ಸಮೇತ ಕಟ್ಟುವವರು ನಮ್ಮ ನಿಮ್ಮ ಅಪ್ಪ ಅಮ್ಮ.

ನಿಜವಾಗಿ ನೆರವಾಗುವ ಮನಸ್ಸಿದ್ದರೆ ನಕ್ಷತ್ರ, ಮೊಹರು ಒಂದೂ ಬೇಡ. ಪರೀಕ್ಷಾ ಶುಲ್ಕವನ್ನು ನೇರವಾಗಿ ಪರೀಕ್ಷೆ ನಡೆಸುವವರಿಗೆ ಕಟ್ಟಿ. ಆ ಒಂದು ವರ್ಷದ ಅನುಭವ ಬೇಕಲ್ಲ, ಅದನ್ನು ನೆಟ್ಟಗಿರುವ ಯೋಜಕರೊಬ್ಬರ ಕಚೇರಿಯಲ್ಲಿ ಸಂಬಳ ಕೊಟ್ಟು ಕೊಡಿಸಿ. ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಬಂದ ಹುಡುಗಿ ಅಷ್ಟಿದ್ದರೆ ಗೆದ್ದು ತೋರಿಸುತ್ತಾಳೆ. ಇದನ್ನು ಹೇಳಿದಾಗ ಕೋಚಿಂಗ್ ಕೇಂದ್ರದ ಸಲಹೆಗಾರರೊಬ್ಬರು ಬಹಳ ಮೆಚ್ಚಿ, ನನ್ನ ವಯಸ್ಸು ಕೇಳಿ, ಹಿರಿಯ ನಾಗರಿಕರಿಗೂ ಶೇ 40 ಇದೆ ಎಂದರು.

ಪಕ್ಕದ ಮನೆಯ ಹುಡುಗ ಸೇರಿಕೊಂಡಿದ್ದಾನೆ. ಎರಡು ಕಂತು ಕಟ್ಟುವಷ್ಟರಲ್ಲಿ ಕೈ ಖಾಲಿಯಾಗಿ, ಓದಿನ ಜೊತೆಗೇ ವಿಮಾ ಏಜೆಂಟಿನ ಪರೀಕ್ಷೆಯನ್ನೂ ಬರೆದು ಪಾಸಾದ. ಮೊದಲ ಪಾಲಿಸಿ ಅವನ ಅಪ್ಪನ ಹೆಸರಿನಲ್ಲಾಯಿತು. ಪ್ರೀಮಿಯಂ ಕಟ್ಟಲು ಅಜ್ಜಿಯ ಅವಧಿ ಠೇವಣಿಯನ್ನು ಅವಧಿಗೆ ಮೊದಲೇ ಮುರಿಸಿದರು. ಬಂದ ಕಮಿಷನ್ನಿನಲ್ಲಿ ಅವನು ಮೂರನೆಯ ಕಂತು ಕಟ್ಟಿದ್ದಾನೆ.