ಗೆದ್ದದ್ದು ಕ್ವಾಟ್ರೋನಾ, ಮಿಷೆಲ್ ಮುಟೋನಾ?

ಕರ್ನಾಟಕದ ಕಾರ್ ರ‍್ಯಾಲಿ ಕೆ-1000ರ ಮಾತು ಬಂದಾಗಲೆಲ್ಲ ಬೆಂಗಳೂರಿನ ರ‍್ಯಾಲಿ ಬಳಗದಲ್ಲಿ ಹಳೇ ವಾದವೊಂದು ಎದ್ದು ಕೂರುತ್ತೆ. ಫ್ರಾನ್ಸಿನ ರ‍್ಯಾಲಿ ಚಾಲಕಿ ಮಿಷೆಲ್ ಮುಟೋನ್ ಗೆದ್ದದ್ದು ಆಡಿ ಕಂಪನಿಯ ಕ್ವಾಟ್ರೋ ಕಾರು ಇದ್ದದ್ದಕ್ಕೆ, ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಕ್ಕರೆ ಯಾರು ಬೇಕಾದರೂ ಗೆಲ್ಲುತ್ತಾರೆ ಅಂತ. ಇದು ತಪ್ಪು. 1982ರ ಲೆಕ್ಕ ತೆಗೆದು ನೋಡಿ.

ಆ ವರ್ಷ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಆಡಿ ಗೆದ್ದದ್ದು ಏಳು ರ‍್ಯಾಲಿ. ಅದರಲ್ಲಿ ಪೋರ್ಚುಗಲ್, ಗ್ರೀಸಿನ ಆಕ್ರೊಪೊಲಿಸ್, ಬ್ರೆಜಿಲ್ ಮೂರೂ ಮಿಷೆಲ್ ಅವರದು. ಅದೇ ತಂಡದಲ್ಲಿ ಹನ್ನು ಮಿಕ್ಕೋಲ, ಸ್ಟಿಗ್ ಬ್ಲೂಮ್‌ಕ್ವಿಸ್ಟ್ ಎರಡೆರಡು ಗೆದ್ದರು. ಬ್ಲೂಮ್‌ಕ್ವಿಸ್ಟ್ ಓಡಿಸಿದ್ದೇ ಕಡಿಮೆ, ಒಪ್ಪೋಣ. ಆದರೆ ಮಿಕ್ಕೋಲ 70 ಅಂಕಕ್ಕೆ ನಿಂತರು, ಮಿಷೆಲ್ 97. ಒಂದೇ ಕಾರಿನಲ್ಲಿ ಈ ಅಂತರ ಎಲ್ಲಿಂದ ಬಂತು?

ಅದು ಸುಲಭದ ಗಾಡಿಯೂ ಅಲ್ಲ. ಐದು ಸಿಲಿಂಡರಿನ 2,144 ಸಿಸಿ ಟರ್ಬೊ (ಹೊಗೆಯ ಬಲದಿಂದ ತಿರುಗಿ ಹೆಚ್ಚು ಗಾಳಿ ತುಂಬುವ ಸಾಧನ) ಎಂಜಿನ್ ಮುಂದಿನ ಆಕ್ಸಲ್‌ಗಿಂತಲೂ ಮುಂದೆ ಕೂತಿತ್ತು. ಮೂತಿ ಭಾರ. ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕಾರು ನೇರ ಚರಂಡಿ ಕಡೆಗೇ ಜಾರುತ್ತೆ. ಆಕ್ಸಿಲರೇಟರ್ ಬಿಟ್ಟರೆ ಟರ್ಬೊ ಒತ್ತಡ ಇಳಿದು, ತಿರುವು ದಾಟಿ ಮತ್ತೆ ಒತ್ತಿದಾಗ ಕಾರು ಮಂಕಾಗುತ್ತೆ. ಇದಕ್ಕೆ ಉಪಾಯ ಎಡಗಾಲಿನ ಬ್ರೇಕು. ಬಲಗಾಲು ಆಕ್ಸಿಲರೇಟರ್ ಮೇಲೇ ಇರಬೇಕು, ತಿರುವಿಗೆ ಮುಂಚೆಯೇ ಎಡಗಾಲಲ್ಲಿ ಬ್ರೇಕ್ ಅದುಮಬೇಕು. ಭಾರ ಮುಂದಿನ ಟೈರುಗಳ ಮೇಲೆ ಬಿದ್ದು ಹಿಡಿತ ಸಿಗುತ್ತೆ, ಹಗುರಾದ ಹಿಂಭಾಗ ಹೊರಕ್ಕೆ ಜಾರಿ ಮೂತಿ ಒಳಕ್ಕೆ ತಿರುಗುತ್ತೆ, ಟರ್ಬೊ ಸುತ್ತುತ್ತಲೇ ಇರುತ್ತೆ. ಕಾಲು ತಡವಾಯಿತೋ, ಜೋರಾಯಿತೋ, ಟೈರು ಹಿಡಿತ ಬಿಟ್ಟು ತಿರುವೇ ಕೈತಪ್ಪುತ್ತೆ. ತುಮಕೂರು ಕಡೆಯ ಗರಸು ರಸ್ತೆಯಲ್ಲಿ ಜೋರಾಗಿ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪಕ್ಕದ ಸೀಟಿನಲ್ಲಿ ಪೇಸ್ ನೋಟ್ಸ್ (ಮುಂದಿನ ತಿರುವುಗಳ ಟಿಪ್ಪಣಿ) ಓದುತ್ತಿದ್ದವರು ಇಟಲಿಯ ಫ್ಯಾಬ್ರಿಝಿಯಾ ಪೋನ್ಸ್. ಇದೇ ಜೋಡಿ 1981ರ ಅಕ್ಟೋಬರಿನಲ್ಲಿ ಸ್ಯಾನ್ರೆಮೊ ಗೆದ್ದಿತ್ತು. ಸ್ಟೀರಿಂಗ್ ಹಿಡಿದ ಹೆಣ್ಣುಮಗಳೊಬ್ಬಳು ವಿಶ್ವ ಚಾಂಪಿಯನ್‌ಶಿಪ್ ರ‍್ಯಾಲಿ ಗೆದ್ದದ್ದು ಅದೇ ಮೊದಲು.

ಮತ್ತೆ 1982ರ ಚಾಲಕರ ಪಟ್ಟ ಮಿಷೆಲ್ ಅವರಿಗೆ ತಪ್ಪಿದ್ದೇಕೆ? ಐವರಿ ಕೋಸ್ಟ್ ರ‍್ಯಾಲಿ ಶುರುವಾಗುವ ಮುಂಚೆ ಮಿಷೆಲ್ ಅವರ ತಂದೆ ತೀರಿಕೊಂಡ ಸುದ್ದಿ ಬಂತು. ಕಾರು ಕೊಡಿಸಿ, ಒಂದು ವರ್ಷ ಓಡಿಸಿ ನೋಡು ಎಂದವರೇ ಆ ತಂದೆ. ಆದರೂ ಓಡಿಸಿದರು, ಒಂದು ಗಂಟೆಗೂ ಹೆಚ್ಚು ಮುಂದಿದ್ದರು. ಆಗ ಗೇರ್‌ಬಾಕ್ಸ್ ಕೈಕೊಟ್ಟಿತು. ಕ್ವಾಟ್ರೋದಲ್ಲಿ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್‌ಗಳಲ್ಲಿ ಮುಂದಿನದು, ನಡುವಿನದು ಎರಡೂ ಗೇರ್‌ಬಾಕ್ಸಿಗೇ ಸೇರಿಕೊಂಡಿರುತ್ತವೆ. ಅದನ್ನು ಇಳಿಸಬೇಕಾದರೆ ಮುಂದಿನ ಡ್ರೈವ್‌ಶಾಫ್ಟ್‌ಗಳನ್ನೂ ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನೂ ಬಿಚ್ಚಬೇಕು. ಗೆಲ್ಲಿಸಿತು ಅಂತ ನಾವು ಹೇಳುವ ಆ ನಾಲ್ಕು ಚಕ್ರದ ವ್ಯವಸ್ಥೆಯೇ ಅಲ್ಲಿ ಅವರ ಹೊತ್ತು ತಿಂದಿತು. ಆಮೇಲೆ ಕಾರು ಪಲ್ಟಿಯಾಯಿತು. ಹಿಂದಿನ ಚಕ್ರಕ್ಕೆ ಮಾತ್ರ ಬಲವಿದ್ದ ಓಪೆಲ್ ಅಸ್ಕೋನಾ 400ರಲ್ಲಿ ಪಟ್ಟಕ್ಕೆ ಪೈಪೋಟಿ ಕೊಡುತ್ತಿದ್ದ ಜರ್ಮನಿಯ ವಾಲ್ಟರ್ ರೋರ್ಲ್ ಆ ರ‍್ಯಾಲಿ ಗೆದ್ದು, 109 ಅಂಕದೊಂದಿಗೆ ಪಟ್ಟ ಕಟ್ಟಿಕೊಂಡರು.

ಪಟ್ಟ ಕೈಬಿಟ್ಟ ಮೇಲೂ ಮಿಷೆಲ್ ಬ್ರಿಟನ್ನಿನ ಆರ್‌ಎಸಿ ರ‍್ಯಾಲಿಗೆ ಹೋಗಿ ಎರಡನೇ ಸ್ಥಾನ ತಂದರು. ಕಾರು ತಯಾರಕರ ಪಟ್ಟ ಆ ವರ್ಷ ಆಡಿಗೆ ಬಂತು.