ಮುಟ್ಟೋಕೇ ಆಗಲ್ಲ ಅನ್ನೋದನ್ನು ಒಪ್ಪಲ್ಲ

‘ಹಳೇ ಕಾರನ್ನು ಮನೆಯಂಗಳದಲ್ಲೇ ರಿಪೇರಿ ಮಾಡಬಹುದಿತ್ತು, ಈಗಿನದನ್ನು ಮುಟ್ಟುವ ಹಾಗೂ ಇಲ್ಲ’ ಎಂದು ಬರೆದಿದ್ದೀರಿ. ಮೊದಲರ್ಧ ಸರಿ. ಆದರೆ ಆಗ ಮಾಡದೆ ಬೇರೆ ದಾರಿ ಇತ್ತಾ ಸಾರ್? ನಮ್ಮಪ್ಪನ ಪದ್ಮಿನಿ ಕಾರು ಬೇಸಿಗೆಯಲ್ಲಿ ಚಾರ್ಮಾಡಿ ಘಾಟಿ ಹತ್ತುವಾಗ ಅರ್ಧಕ್ಕೇ ನಿಂತುಬಿಡುತ್ತಿತ್ತು. ಇಂಜಿನ್ ಬಿಸಿಗೆ ಪಂಪಿನೊಳಗೇ ಪೆಟ್ರೋಲ್ ಆವಿಯಾಗಿ, ಅದಕ್ಕೆ ಗಾಳಿ ಬೆರೆಸುವ ಕಾರ್ಬುರೇಟರಿಗೆ ಹೋಗುತ್ತಿರಲಿಲ್ಲ. ಅಪ್ಪ ಹೆಗಲ ಮೇಲಿನ ಟವೆಲ್ ಒದ್ದೆ ಮಾಡಿ ಪಂಪಿಗೆ ಸುತ್ತಿ, ಪಕ್ಕದ ಕಲ್ಲಿನ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದರು. ಬಾಯಿ ಕೆಂಪಾಗುವಷ್ಟರಲ್ಲಿ ಗಾಡಿ ಸ್ಟಾರ್ಟ್! ಪ್ಲಗ್ಗುಗಳಿಗೆ ಕಿಡಿಯ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟನ್ನು ಎಮರಿ ಪೇಪರಿನಲ್ಲಿ ಉಜ್ಜುವ ಕೆಲಸ ನನ್ನದು. ಅದೇನು ಶೋಕಿಯಲ್ಲ, ಉಜ್ಜದಿದ್ದರೆ ಮರುದಿನ ತಳ್ಳಬೇಕಿತ್ತು.

ಇನ್ನು ಎರಡನೇ ಅರ್ಧ. ಕಳೆದ ವರ್ಷ ನನ್ನ ಕಾರಿನಲ್ಲಿ ಇಂಜಿನ್ ಲೈಟ್ ಹತ್ತಿಕೊಂಡಿತು. ಸರ್ವಿಸ್ ಸೆಂಟರಿನವರು ವೈರಿಂಗ್ ಸೆಟ್ ಪೂರ್ತಿ ಬದಲಿಸಬೇಕು ಅಂದರು. ಸುಮ್ನೆ ಮನೆಗೆ ಬಂದು, ಸ್ಟೀರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ (ಕಾರಿನ ಕಂಪ್ಯೂಟರ್ ಗುರುತಿಸಿದ ದೋಷ ಓದುವ ಕಿಂಡಿ) ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿದೆ. ಫೋನಿನಲ್ಲಿ ಪಿ0113 ಅಂತ ದೋಷದ ಕೋಡ್ ಬಂತು. ಅಂದರೆ ಒಳಗೆ ಹೋಗುವ ಗಾಳಿಯ ಬಿಸಿ ಅಳೆಯುವ ಸೆನ್ಸರಿನ ಕಡೆ ತೊಂದರೆ. ಬಾನೆಟ್ ಎತ್ತಿ ನೋಡಿದರೆ ಇಲಿ ಒಂದು ವೈರನ್ನು ಕಡಿದು ಹಾಕಿದೆ! ವೈರ್ ಜೋಡಿಸಿ ಟೇಪ್ ಸುತ್ತಿದೆ, ಕೋಡ್ ಅಳಿಸಿದೆ, ಅಷ್ಟೇ.

ಏರ್‌ಬ್ಯಾಗ್, ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಮುಟ್ಟಿ ಅಂತ ನಾನೂ ಹೇಳಲ್ಲ. ಆದರೆ ಏರ್ ಫಿಲ್ಟರ್, ವೈಪರ್ ಬದಲಿಸೋಕೂ ಲೇಬರ್ ಚಾರ್ಜ್ ಕೊಡ್ತೀವಲ್ಲ, ಅದಕ್ಕೆ ಕಾರನ್ನು ಬೈದರೆ ಹೇಗೆ?